ಕೊನೆಯ ಎಪ್ಪತ್ತು ಕಿಲೋಮೀಟರು

ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ಮಕ್ತುಮಸಾಬರ ಲಾರಿ ಆಫೀಸು ಇದೆ. ಒಂದು ಕೋಣೆ, ಎರಡು ಮೇಜು, ಹಿಂದೆ ತಂತಿಬೇಲಿ ಹಾಕಿದ ಬಯಲು, ಬಯಲಿನಲ್ಲಿ ಒಂದು ಹಳೆಯ ಕ್ರೇನು. ನೋಡುವುದಕ್ಕೆ ಇಷ್ಟೇ. ಆದರೆ ಹೊರರಾಜ್ಯಗಳಿಂದ ಈ ಸೀಮೆಗೆ ಬರುವ ಭಾರೀ ಯಂತ್ರಗಳೆಲ್ಲ ಮೊದಲು ಈ ಬಯಲಿಗೆ ಬಂದು ನಿಲ್ಲುತ್ತವೆ. ಹತ್ತಿ ಗಿರಣಿಯ ಪ್ರೆಸ್ಸಾಗಲಿ, ಅಕ್ಕಿ ಗಿರಣಿಯ ಬಾಯ್ಲರಾಗಲಿ, ಕೋಣೆಯೊಳಗೆ ಕೂತ ಹೆಂಗಸು ಹೂಂ ಅನ್ನುವವರೆಗೆ ಮುಂದಕ್ಕೆ ಕದಲುವುದಿಲ್ಲ. ಅವಳ ಹೆಸರು ಸುಮಂಗಲಾ. ವಯಸ್ಸು ನಲವತ್ತನಾಲ್ಕು.

ಯಂತ್ರ ಕಳಿಸುವ ಕಂಪನಿಯವರು ಸಾವಿರ ಕಿಲೋಮೀಟರಿನ ದಾರಿಯನ್ನು ಕಂಪ್ಯೂಟರಿನಲ್ಲಿ ಗೊತ್ತುಮಾಡಿಕೊಂಡು ಬರುತ್ತಾರೆ. ಯಾದಗಿರಿಯ ಆಚೆಗಿನ ಎಪ್ಪತ್ತು ಕಿಲೋಮೀಟರು ಅದರಲ್ಲಿ ಒಂದು ಗೆರೆ ಮಾತ್ರ. ಆ ಗೆರೆಯ ಮೇಲೆ ಎಷ್ಟು ಮೋರಿಗಳಿವೆ, ಯಾವ ಊರಿನ ಮುಂದೆ ಕರೆಂಟಿನ ತಂತಿ ಜೋತುಬಿದ್ದಿದೆ, ಯಾವ ತಿರುವಿನಲ್ಲಿ ಯಾರ ಮನೆಯ ಕಟ್ಟೆ ರಸ್ತೆಗೆ ಬಂದಿದೆ ಎಂಬುದು ಸುಮಂಗಲಾಗೆ ಗೊತ್ತು. ಕಂಪನಿಯ ಉದ್ದದ ಟ್ರೇಲರಿನಿಂದ ಸರಕನ್ನು ಕ್ರೇನಿನಿಂದ ಎತ್ತಿ ಮಕ್ತುಮಸಾಬರ ಗಿಡ್ಡ ಟ್ರೇಲರಿಗೆ ಇಳಿಸಬೇಕು, ಅಲ್ಲಿಂದ ಊರೊಳಗೆ ಮುಟ್ಟಿಸಬೇಕು. ಇದನ್ನು ಅವಳು ಹದಿಮೂರು ವರ್ಷಗಳಿಂದ ಯೋಜಿಸುತ್ತ ಬಂದಿದ್ದಾಳೆ. ಈವರೆಗೆ ಅವಳು ಕಳಿಸಿದ ಒಂದು ಸರಕೂ ಮಗುಚಿಲ್ಲ.

ಅವಳು ಹುಟ್ಟಿದ್ದು ದೋರನಹಳ್ಳಿಯಲ್ಲಿ. ತಂದೆ ಚಂದ್ರಾಮಪ್ಪ ರಸ್ತೆ ಇಲಾಖೆಯ ಗ್ಯಾಂಗಿನಲ್ಲಿ ಕೂಲಿಯಾಗಿ ಸೇರಿ ಗ್ಯಾಂಗ್‌ಮನ್ ಆಗಿ ನಿವೃತ್ತನಾದವನು. ತಾಯಿ ಬಾಲಮ್ಮ ಕಳೆ ತೆಗೆದು, ಹತ್ತಿ ಬಿಡಿಸಿ ಮೂವರು ಮಕ್ಕಳನ್ನು ಓದಿಸಿದಳು. ಮನೆಯ ಗೋಡೆಯಲ್ಲಿ ಬುದ್ಧನ ಪಟ, ಬಾಬಾಸಾಹೇಬರ ಪಟ, ಅವುಗಳ ಪಕ್ಕಕ್ಕೆ ಮಕ್ಕಳ ಅಂಕಪಟ್ಟಿಗಳು. ಶಾಲೆಯ ರಜೆಯಲ್ಲಿ ತಂದೆಗೆ ಬುತ್ತಿ ಒಯ್ಯುತ್ತಿದ್ದ ಹುಡುಗಿ, ಅವನು ಉಣ್ಣುವಷ್ಟು ಹೊತ್ತು ಮೋರಿಯ ನೆರಳಲ್ಲಿ ಕೂತು ರಸ್ತೆಯನ್ನು ನೋಡಲು ಕಲಿತಳು. ಡಾಂಬರು ಒಡೆದ ಜಾಗವನ್ನು ಎಲ್ಲರೂ ನೋಡುತ್ತಾರೆ. ಚಂದ್ರಾಮಪ್ಪ ಅದರ ಬಗಲಿನ ಮಣ್ಣು ನೋಡುತ್ತಿದ್ದ. ಎರೆಮಣ್ಣು ನೀರು ಕುಡಿದು ಉಬ್ಬಿ ಮತ್ತೆ ಒಣಗಿ ಬಿರಿಯುವ ಈ ಸೀಮೆಯಲ್ಲಿ ರಸ್ತೆ ಕೆಡುವುದು ಬಗಲಿನಿಂದಲೇ ಎಂದು ಅವನು ಮಗಳಿಗೆ ಹೇಳಿಕೊಟ್ಟಿದ್ದ. ಯಾವ ಇಂಜಿನಿಯರಿಂಗ್ ಕಾಲೇಜಿಗೂ ಹೋಗದವನ ಈ ಪಾಠ ಸರಿಯಾದದ್ದೇ ಆಗಿತ್ತು.

ಶಹಾಪುರದಲ್ಲಿ ಬಿ.ಕಾಂ. ಮುಗಿಸಿ ಅವಳು ಮಕ್ತುಮಸಾಬರ ಆಫೀಸಿಗೆ ಬಿಲ್ಟಿ ಬರೆಯಲು ಸೇರಿದಳು. ಬಿಲ್ಟಿ ಎಂದರೆ ಲಾರಿಯ ಜೊತೆ ಹೋಗುವ ರಸೀದಿ. ಏನು ಸರಕು, ಎಷ್ಟು ತೂಕ, ಯಾರಿಂದ ಯಾರಿಗೆ ಎಂದು ಅದರಲ್ಲಿರುತ್ತದೆ. ಒಂಬತ್ತು ವರ್ಷ ಅದನ್ನೇ ಬರೆದಳು. ಕೊಂಕಲ್ಲಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದ ಶರಣಕುಮಾರನನ್ನು ಮದುವೆಯಾದಳು, ಒಬ್ಬ ಮಗಳನ್ನು ಹೆತ್ತಳು. ಆಫೀಸಿನಲ್ಲಿ ದಾರಿ ಗೊತ್ತುಮಾಡುವ ಗಂಡಸು ಬೇರೆ ಇದ್ದ. ಒಂದು ದಿನ ಶಿರವಾಳದ ಕಡೆ ಹೊರಟ ದೊಡ್ಡ ಪಂಪಿನ ಬಿಲ್ಟಿ ಬರೆಯುವಾಗ, ಆ ದಾರಿಯ ಮೋರಿ ಇಷ್ಟು ತೂಕ ತಡೆಯುವುದಿಲ್ಲ ಎಂದು ಅವಳು ಅಂದಳು. ಆತ ನಕ್ಕ. ಸಂಜೆಗೆ ಲಾರಿ ಹಳ್ಳದಲ್ಲಿತ್ತು, ಪಂಪು ಎರಡು ಹೋಳಾಗಿತ್ತು. ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಹೆಣ್ಣುಮಗಳ ತಿಳಿವಳಿಕೆಯನ್ನು ಒಪ್ಪಿಕೊಳ್ಳಲು ಈ ಊರುಗಳಲ್ಲಿ ಒಂದು ಲಾರಿ ಮಗುಚಬೇಕಾಗುತ್ತದೆ. ಮಗುಚಿತು, ಮಕ್ತುಮಸಾಬರು ಒಪ್ಪಿಕೊಂಡರು. ಮರುದಿನದಿಂದ ಭಾರೀ ಸರಕಿನ ದಾರಿಗೆ ಅವಳ ಮಾತೇ ಕೊನೆಯದು.

ಅವಳ ಕೆಲಸದ ರೀತಿಯಲ್ಲಿ ಜಾದೂ ಏನಿಲ್ಲ, ಬೇಸರವಿಲ್ಲದ ಎಚ್ಚರ ಇದೆ. ಯಂತ್ರ ನಾಗಪುರ ಬಿಡುವ ಮೊದಲೇ ಅದರ ಬಿಡಿಭಾಗಗಳ ಪಟ್ಟಿ ತರಿಸಿಕೊಳ್ಳುತ್ತಾಳೆ. ತಳಪಾಯದ ಬೋಲ್ಟುಗಳು ಯಂತ್ರಕ್ಕಿಂತ ವಾರ ಮುಂಚೆ ಗಿರಣಿ ಮುಟ್ಟಬೇಕು, ಕಾಂಕ್ರೀಟು ಒಣಗಬೇಕಲ್ಲ. ಇಳಿಸುವಾಗ ಮೊದಲು ಬೇಕಾದ ಪೆಟ್ಟಿಗೆ ಏರಿಸುವಾಗ ಕೊನೆಗೆ ಏರಬೇಕು. ಬೇರಿಂಗಿನ ಪೆಟ್ಟಿಗೆಯನ್ನು ತಾನೇ ಬಿಚ್ಚಿ ಎಣಿಸದೆ ಬಿಡುವುದಿಲ್ಲ. ಒಂದು ಬೇರಿಂಗು ಕಡಿಮೆ ಬಂದರೆ ಇಡೀ ಗಿರಣಿ ಅದಕ್ಕಾಗಿ ಬಾಯಿ ತೆರೆದು ಕೂತಿರುತ್ತದೆ ಎಂಬುದನ್ನು ಅವಳು ಕಂಡಿದ್ದಾಳೆ. ಭಾರೀ ಸರಕನ್ನು ಕತ್ತಲಲ್ಲಿ ಓಡಿಸುವುದಿಲ್ಲ. ಕಾಲುವೆ ಪಕ್ಕದ ದಾರಿಯಾದರೆ ವಾರಬಂದಿ ನೋಡುತ್ತಾಳೆ: ಕೃಷ್ಣೆಯ ಕಾಲುವೆಗೆ ಇಷ್ಟು ದಿನ ನೀರು, ಇಷ್ಟು ದಿನ ಬಂದ್ ಎಂಬ ಸರತಿ ಅದು. ನೀರು ನಿಂತು ಮಣ್ಣು ಬಿಗಿದ ದಿನವೇ ಟ್ರೇಲರು ಹೊರಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಎರಡು ದಿನ ಮೊದಲು ಅವಳು ಹಳ್ಳಿ ಮಂದಿಯನ್ನು ತುಂಬಿಕೊಂಡು ಓಡುವ ಟಂಟಂ ಆಟೋ ಹತ್ತಿ, ಅರ್ಧ ದಾರಿ ನಡೆದು, ಊರೂರಿನಲ್ಲಿ ನೀರು ಕೇಳಿ ಕುಡಿದು, ಹೆಂಗಸರ ಹತ್ತಿರ ಕೂತು ಮಾತಾಡಿ ಬರುತ್ತಾಳೆ. ರಸ್ತೆಯ ಸುದ್ದಿ ಅವಳಿಗೆ ಸಿಗುವುದು ಹಾಗೆ.

ಈ ವರ್ಷದ ಜನವರಿಯಲ್ಲಿ ಆ ಒಂದು ಕೆಲಸವನ್ನು ಅವಳು ಬೇರೆ ರೀತಿ ಮಾಡಿದಳು.

ಸುರಪುರದ ಆಚೆ, ಹೆದ್ದಾರಿಯಿಂದ ಏಳು ಕಿಲೋಮೀಟರು ಒಳಗೆ, ಹುಣಸಿಕಟ್ಟಿ ಎಂಬ ಹಳ್ಳಿಯ ಹತ್ತಿರ ಸಂಜೀವಕುಮಾರ ಎಂಬವರ ಹತ್ತಿ ಗಿರಣಿ ಇದೆ. ಸಂಕ್ರಾಂತಿಯ ಮರುದಿನ ಅಲ್ಲಿ ಅರಳೆಯನ್ನು ಒತ್ತಿ ಬೇಲು ಕಟ್ಟುವ ಪ್ರೆಸ್ಸು ಸೀಳಿಹೋಯಿತು. ಬೇಲು ಕಟ್ಟಲಾಗದಿದ್ದರೆ ಅರಳೆ ಒಳಗೆ ಗುಡ್ಡ ಬೀಳುತ್ತದೆ, ಹೊರಗೆ ಹತ್ತಿಯ ಟ್ರ್ಯಾಕ್ಟರುಗಳು ಸಾಲು ನಿಲ್ಲುತ್ತವೆ. ಹೊಸ ಪ್ರೆಸ್ಸು ನಾಗಪುರದಿಂದ ಹೊರಟಿತು. ಅದನ್ನು ನಿಲ್ಲಿಸಿ ಜೋಡಿಸುವ ನಾಲ್ವರು ಫಿಟ್ಟರುಗಳು ಮೊದಲೇ ಬಂದು ಕೂತರು. ಅವರಿಗೆ ಶನಿವಾರ ಬೇರೆ ರಾಜ್ಯದ ಗಿರಣಿಗೆ ಹೋಗಬೇಕಿತ್ತು. ಗುರುವಾರ ಪ್ರೆಸ್ಸು ಬಂದು ನಿಂತರೆ ಸರಿ, ಇಲ್ಲವಾದರೆ ಈ ಹಂಗಾಮಿಗೆ ಗೇಟಿಗೆ ಬೀಗ ಎಂದು ಸಂಜೀವಕುಮಾರ ಎಲ್ಲರೆದುರು ಹೇಳಿದ್ದರು. ಗೇಟಿನೊಳಗೆ ಹತ್ತಿ ಆರಿಸುವ ತೊಂಬತ್ತು ಹೆಂಗಸರಿದ್ದರು. ಅವರ ಮೇಸ್ತ್ರಿ ಸಾಯಬಮ್ಮ ಆಫೀಸಿಗೆ ಫೋನು ಮಾಡಿ, ಗಿರಣಿ ಮುಚ್ಚಿದರೆ ತನ್ನ ಮಂದಿಯಲ್ಲಿ ಅರ್ಧ ಜನ ಪುಣೆಗೆ ಗುಳೆ ಹೋಗುತ್ತಾರೆ, ನೀವೊಂದು ದಿನ ತಿಳಿಸಿ ಎಂದು ಕೇಳಿದಳು. ಸುಮಂಗಲಾ ಗುರುವಾರ ಎಂದಳು.

ತೂಕ ಇಪ್ಪತ್ತೆರಡು ಟನ್ನು. ಅದಕ್ಕಿಂತ ಕಷ್ಟದ್ದು ಅದರ ಎತ್ತರ. ತಲೆಭಾರದ ಸರಕು, ಒಂದು ಬದಿಯ ಗಾಲಿ ಗೇಣು ಕುಸಿದರೂ ವಾಲುತ್ತದೆ. ಕೊನೆಯ ಏಳು ಕಿಲೋಮೀಟರಿನಲ್ಲಿ ರಸ್ತೆಯ ಎಡಕ್ಕೆ ಕಾಲುವೆ. ವಾಲಿದರೆ ಕಾಲುವೆಗೇ.

ದಾರಿ ನೋಡಲು ಸೋಮವಾರ ಟಂಟಂನಲ್ಲಿ ಹೋಗಬೇಕೆಂದಿದ್ದಳು. ಕ್ರೇನು ಕೈಕೊಟ್ಟದ್ದರಿಂದ ಆಗಲಿಲ್ಲ. ಮಂಗಳವಾರ ಸಂಜೀವಕುಮಾರ ತಮ್ಮ ಬಿಳಿ ಜೀಪು ಕಳಿಸಿದರು. ಸಮಯ ಉಳಿಯುತ್ತದೆಂದು ಅವಳು ಹತ್ತಿದಳು. ಕೈಯಲ್ಲಿ ಅಳತೆಯ ಪಟ್ಟಿ, ಪುಸ್ತಕ. ತಿರುವುಗಳನ್ನು ಅಳೆದಳು, ತಂತಿಗಳ ಎತ್ತರವನ್ನು ಕೋಲು ಹಿಡಿದು ನೋಡಿದಳು, ಎರಡು ಮೋರಿಗಳ ಕೆಳಗಿಳಿದು ಕಲ್ಲು ತಟ್ಟಿದಳು. ಹುಣಸಿಕಟ್ಟಿಯ ಚಹಾದಂಗಡಿಯ ಮುಂದೆ ಜೀಪು ನಿಲ್ಲಿಸಿ, ಈ ವರ್ಷ ಯಾರಾದರೂ ರಸ್ತೆ ಅಗೆದಿದ್ದೀರಾ ಎಂದು ಕೇಳಿದಳು. ಆರೇಳು ಜನ ಎದ್ದು ನಿಂತು ಒಂದೇ ಬಾಯಲ್ಲಿ ಇಲ್ಲವೆಂದರು. ಒಬ್ಬ ಮುದುಕ ಮಾತ್ರ ಇನ್ನೊಂದು ಮಾತು ಸೇರಿಸಿದ: "ರೋಡಿಗಿ ಕೈ ಹಚ್ಚಿಲ್ಲರಿ ಮೇಡಮ್ಮೋರ. ನಮಗ ಸರಕಾರ ಕೊಟ್ಟ ನೀರೇ ಬೇಕಾದಷ್ಟಾಗ್ಯಾದ."

ಅವಳು ಅದನ್ನು ಕೇಳಿಸಿಕೊಂಡಳು, ಪುಸ್ತಕದಲ್ಲಿ ದಾರಿ ಸರಿ ಇದೆ ಎಂದು ಬರೆದಳು.

ಗುರುವಾರ ಬೆಳಿಗ್ಗೆ ಎಂಟಕ್ಕೆ ಟ್ರೇಲರು ಹೊರಟಿತು. ಓಡಿಸುವವನು ದಸ್ತಗೀರಸಾಬ, ಮಕ್ತುಮಸಾಬರ ಅತಿ ಹಳೆಯ ಡ್ರೈವರು. ಎತ್ತರದ ಸರಕಿದ್ದಾಗ ಸುಮಂಗಲಾ ಅವನ ಪಕ್ಕದಲ್ಲಿ ಕೂತೇ ಹೋಗುತ್ತಾಳೆ. ಭೀಮಾ ಸೇತುವೆ ದಾಟಿತು, ದೋರನಹಳ್ಳಿ ದಾಟಿತು, ಶಹಾಪುರದ ಪೇಟೆಯನ್ನು ಅಂಗಡಿಗಳು ತೆರೆಯುವ ಮೊದಲೇ ದಾಟಬೇಕೆಂದಿದ್ದದ್ದು ಸ್ವಲ್ಪ ತಡವಾಯಿತು. ದಸ್ತಗೀರಸಾಬ ತನ್ನ ಮೊಮ್ಮಗಳ ನಿಕಾಹದ ಮಾತು ತೆಗೆದಿದ್ದ. ಹತ್ತಿಗುಡೂರು ಹತ್ತಿರ ಬಂದಾಗ ಅವಳು ಕಿಟಕಿಯಿಂದ ಹೊರಗೆ ನೋಡಿದಳು. ಕಾಲುವೆಯ ಕೆಳಗಿನ ಹೊಲಗಳಲ್ಲಿ ಎರಡನೆಯ ಬೆಳೆಯ ಭತ್ತದ ನಾಟಿ ಹಸಿರಾಗಿತ್ತು. ಮೇಲಿನ ಹೊಲಗಳಲ್ಲಿ ತೊಗರಿ ಕಟಾವಾದ ಕೂಳೆ, ಒಣ ನೆಲ. ಎಲ್ಲ ಕಡೆ ಹೀಗೇ ಇರಬೇಕು. ಕಾಲುವೆಯ ನೀರು ಕೆಳಕ್ಕೆ ಹರಿಯುತ್ತದೆ, ಮೇಲಿನ ಹೊಲಕ್ಕೆ ಏರುವುದಿಲ್ಲ.

ಆದರೆ ಹುಣಸಿಕಟ್ಟಿಯಲ್ಲಿ ರಸ್ತೆಯ ಬಲಕ್ಕೂ ಹಸಿರಿತ್ತು. ಮಂಗಳವಾರ ಅವಳು ಅದನ್ನು ನೋಡಿದ್ದಳು. ಜೀಪು ಓಡುತ್ತಿತ್ತು, ಕಣ್ಣು ತಂತಿಯ ಮೇಲಿತ್ತು. ಕಾಲುವೆ ಎಡಕ್ಕೆ, ಎತ್ತರದ ನೆಲ ಬಲಕ್ಕೆ, ಆ ಎತ್ತರದ ನೆಲದಲ್ಲಿ ಭತ್ತ. ನೀರು ರಸ್ತೆ ದಾಟದೆ ಅಲ್ಲಿಗೆ ಹೋಗುವ ದಾರಿಯೇ ಇಲ್ಲ. ತಾನು ಕೇಳಿದ್ದು ರಸ್ತೆಯ ವಿಚಾರ. ಮುದುಕ ನೀರಿನ ವಿಚಾರ ಯಾಕೆ ಹೇಳಿದ?

"ಚಾಚಾ, ಗಾಡಿ ಬಾಜೂಕ ಹಾಕ್ರಿ" ಎಂದಳು.

ದಸ್ತಗೀರಸಾಬ ಹತ್ತಿಗುಡೂರು ಕ್ರಾಸಿನ ಅಗಲ ಜಾಗದಲ್ಲಿ ಟ್ರೇಲರನ್ನು ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಇಡಿಸಿದ. "ಯಾಕಂತ ಕೇಳಂಗಿಲ್ಲ ಬೇಟಿ. ಇಲ್ಲಿ ಮಿರ್ಚಿ ಭಜಿ ಚಲೋ ಮಾಡ್ತಾರ. ಅವು ಮುಗಿಯೂದ್ರಾಗ ಫೋನ್ ಮಾಡಿದ್ರ ಸಾಕು" ಎಂದ.

ಅವಳು ಸಂಜೀವಕುಮಾರರಿಗೆ ಫೋನು ಮಾಡಿ, ದಾರಿಯಲ್ಲಿ ಪೈಪು ಹೂತಿರುವ ಅನುಮಾನವಿದೆ, ನೋಡುವವರೆಗೆ ಟ್ರೇಲರು ಮುಂದೆ ಬರುವುದಿಲ್ಲ ಎಂದಳು. ಅವರು ಮೊದಲು ನಂಬಲಿಲ್ಲ. ಆಮೇಲೆ ಮಂಗಳವಾರ ಏನು ನೋಡಿದಿರಿ ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಕೊನೆಗೆ ಅವರಿಗೆ ಸಿಟ್ಟು ಬಂತು.

"ಅರ್ಧ ಇಂಡಿಯಾ ದಾಟಿ ಬಂದ ಮಷೀನ್ ಅದು ಮೇಡಮ್. ನಮ್ಮೂರ ಏಳು ಕಿಲೋಮೀಟರಿಗೆ ಹೆದರಾಕತ್ತೀರೇನು?"

"ಹೌದ್ರಿ, ಹೆದರಾಕತ್ತೇನಿ" ಎಂದು ಅವಳು ಫೋನು ಇಟ್ಟಳು. ಕತ್ತಲಾಗುವುದರೊಳಗೆ ಮುಟ್ಟಬೇಕಾದರೆ ಅವಳ ಕೈಯಲ್ಲಿ ಏಳು ಗಂಟೆ ಇತ್ತು.

ಪುಸ್ತಕವನ್ನೂ ಪಟ್ಟಿಯನ್ನೂ ಕ್ಯಾಬಿನ್ನಿನಲ್ಲೇ ಬಿಟ್ಟು ಟಂಟಂ ಹತ್ತಿದಳು. ಸುರಪುರದಲ್ಲಿ ಇನ್ನೊಂದು ಟಂಟಂ. ಹುಣಸಿಕಟ್ಟಿಗೆ ಒಂದು ಕಿಲೋಮೀಟರು ಇರುವಾಗ ಇಳಿದು, ತಲೆಯ ಮೇಲೆ ಸೆರಗು ಹಾಕಿಕೊಂಡು ನಡೆದಳು. ಕಾಲುವೆಗೆ ಮೂರು ದಿನದಿಂದ ನೀರು ಬಂದ್. ರಸ್ತೆ ನೋಡಲು ಎಲ್ಲ ಒಂದೇ ಥರ ಇತ್ತು. ಬನ್ನಿಗಿಡದ ಹತ್ತಿರ ಡಾಂಬರಿನ ಚೂರುಗಳನ್ನು ಯಾರೋ ಕೈಯಿಂದ ಜೋಡಿಸಿದ ಹಾಗಿತ್ತು. ಅದನ್ನು ನೋಡಬೇಕೆಂದು ಹೊರಟವಳಿಗೆ ಮಾತ್ರ ಕಾಣುವಂಥದ್ದು. ಬಲಗಡೆಯ ಗದ್ದೆಯ ಬದುವಿನಲ್ಲಿ ಅರವತ್ತರ ಹತ್ತಿರದ ಹೆಂಗಸೊಬ್ಬಳು ಕಳೆ ಕೀಳುತ್ತಿದ್ದಳು. ಸುಮಂಗಲಾ ಹೋಗಿ ನೀರು ಕೇಳಿದಳು. ಹೆಂಗಸು ತಂಬಿಗೆ ಕೊಟ್ಟಳು. ಹೆಸರು ಮುದುಕಮ್ಮ.

"ಯಾರ ಪೈಕಿ ನೀ?" ಎಂದು ಮುದುಕಮ್ಮ ಕೇಳಿದಳು.

"ದೋರನಹಳ್ಳಿಯಾಕಿ. ರೋಡ್ ಗ್ಯಾಂಗಿನ ಚಂದ್ರಾಮಪ್ಪನ ಮಗಳು."

ಗ್ಯಾಂಗಿನವರು ಎಂದದ್ದು ಕೆಲಸ ಮಾಡಿತು. ಬಿಸಿಲಲ್ಲಿ ಡಾಂಬರು ಹಾಕುವವರ ಮಕ್ಕಳು ಯಾರಿಗೂ ದಂಡ ಹಾಕುವುದಿಲ್ಲ. ಸುಮಂಗಲಾ ಕೂತು ತಾನೂ ಕಳೆ ಕೀಳತೊಡಗಿದಳು. ನಾಟಿ ಯಾವಾಗ, ಯಾವ ತಳಿ, ಇಷ್ಟು ಎತ್ತರಕ್ಕೆ ನೀರು ಹೇಗೆ ಏರುತ್ತದೆ ಎಂದು ಮಾತು ಬೆಳೆಯಿತು. ಕೊನೆಯ ಪ್ರಶ್ನೆಗೆ ಮುದುಕಮ್ಮ ದೇವರು ಕೊಡ್ತಾನ ಎಂದಳು. ಆಮೇಲೆ ದನಿ ತಗ್ಗಿಸಿದಳು.

"ಮೊನ್ನಿ ಬಿಳಿ ಜೀಪಿನಾಗ ಒಬ್ಬಾಕಿ ಕೆನಾಲ್ ಇಂಜಿನಿಯರ್ ಬಂದಿದ್ಳು. ಪಟ್ಟಿ ಹಿಡದು ರೋಡ್ ಅಳದು ಹೋಗ್ಯಾಳ. ಅವತ್ತಿನಿಂದ ನಮ್ಮನಿ ಹಿರ್ಯಾ ಈ ಕಡಿ ಹಾಯ್ದಿಲ್ಲ. ಅಳಿಯನ ತೊಗರಿ ರಾಶ್ಯಾಗ ಹೋಗಿ ಕುಂತಾನ."

"ಅಕಿ ಇಂಜಿನಿಯರ್ ಅಲ್ಲ. ಅಕಿ ನಾನೇ."

ಮುದುಕಮ್ಮ ಕಳೆ ಕೀಳುವುದನ್ನು ನಿಲ್ಲಿಸಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಜೀಪಿನಾಗ ಎತ್ತರ ಕಾಣ್ತಿದ್ದಿ" ಎಂದಳು.

ಸುಮಂಗಲಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತಾನು ಲಾರಿ ಆಫೀಸಿನವಳು. ಗಿರಣಿಯ ಪ್ರೆಸ್ಸು ಹತ್ತಿಗುಡೂರಿನಲ್ಲಿ ನಿಂತಿದೆ. ಈ ರಸ್ತೆಯಲ್ಲಿ ಎಲ್ಲಿ ಪೈಪು ಹೂತಿದ್ದಾರೆಂದು ಗೊತ್ತಾಗದಿದ್ದರೆ ಅದು ಕಾಲುವೆಗೆ ಉರುಳುತ್ತದೆ, ಗಿರಣಿ ಮುಚ್ಚುತ್ತದೆ. ಯಾರ ಪೈಪು ಎಂದು ತನಗೆ ಬೇಕಿಲ್ಲ, ಎಲ್ಲಿ ಎಂದಷ್ಟೇ ಬೇಕು.

ಮುದುಕಮ್ಮ ಕೈಯಲ್ಲಿದ್ದ ಕಳೆಯನ್ನು ಬದುವಿನ ಮೇಲೆ ಒಟ್ಟಿದಳು. ಅವಳ ಸೊಸೆ ಆ ಗಿರಣಿಯಲ್ಲೇ ಹತ್ತಿ ಆರಿಸುತ್ತಿದ್ದಳು. ಅದನ್ನು ಅವಳು ಆಮೇಲೆ ಹೇಳಿದಳು. ಎದ್ದು ಸೀರೆ ಕೊಡವಿಕೊಂಡು ರಸ್ತೆಗೆ ಬಂದು, ಜೋಡಿಸಿದ ಡಾಂಬರಿನ ಮೇಲೆ ಕಾಲಿಟ್ಟಳು. "ಇದು ನಮ್ಮದು. ಅಲ್ಲಿ ಮೈಲಿಗಲ್ಲಿನ ಹಂತೇಲಿ ಒಂದು, ಮಸೂತಿ ಮುಂದ ಒಂದು. ನಮ್ಮದೊಂದ ಹೇಳಿ ಮಂದೀದು ಮುಚ್ಚಿಡಾಕ ನಾ ಏನು ಹುಚ್ಚಿ?"

ಈ ಪೈಪುಗಳ ಕಥೆ ಇಷ್ಟು. ಕಾಲುವೆಯ ಮೇಲ್ಭಾಗದ ಹೊಲಗಳಿಗೆ ನೀರಿನ ಹಕ್ಕಿಲ್ಲ. ಕಣ್ಣೆದುರು ನೀರು ಹರಿಯುತ್ತಿದ್ದರೆ ಯಾರೂ ಕೈ ಕಟ್ಟಿ ಕೂಡುವುದಿಲ್ಲ. ರಸ್ತೆಯನ್ನು ಅಡ್ಡ ಸೀಳಿ ಪೈಪು ಹೂತು, ಮೇಲೆ ಹುಲ್ಲು, ಮಣ್ಣು, ಮುರುಮು ಎಂಬ ಗರಸುಮಣ್ಣು ಹಾಕಿ, ಕೊನೆಗೆ ತೆಗೆದಿಟ್ಟ ಡಾಂಬರನ್ನೇ ಹಾಸಿ, ಮೋಟರಿನಿಂದ ನೀರೆತ್ತುತ್ತಾರೆ. ಟ್ರ್ಯಾಕ್ಟರು, ಬಸ್ಸು ಓಡಾಡಿದರೆ ಏನೂ ಆಗುವುದಿಲ್ಲ. ಆದರೆ ಪೈಪಿನ ಕೀಲುಗಳಲ್ಲಿ ನೀರು ಸೋರಿ ಸುತ್ತಲಿನ ಎರೆಮಣ್ಣು ಅಂಬಲಿಯಾಗಿರುತ್ತದೆ. ಇಪ್ಪತ್ತೆರಡು ಟನ್ನಿಗೆ ಅದು ತೆರೆದ ಬಾಯಿ. ಬಿಳಿ ಜೀಪಿನಲ್ಲಿ ಪಟ್ಟಿ ಹಿಡಿದು ಬಂದವರಿಗೆ ಇದನ್ನು ಯಾವ ರೈತ ಹೇಳುತ್ತಾನೆ? ಇಷ್ಟು ವರ್ಷ ಟಂಟಂನಲ್ಲಿ ಓಡಾಡಿದವಳು ಒಂದು ದಿನದ ಅನುಕೂಲಕ್ಕೆ ಇದನ್ನು ಮರೆತಳು.

ಮುದುಕಮ್ಮನ ಗಂಡ ಲಾಲಪ್ಪನನ್ನು ಕರೆತರಲು ಆಳು ಹೋಯಿತು. ಬಂದವನು ಚಹಾದಂಗಡಿಯ ಅದೇ ಮುದುಕ. ದೂರವೇ ನಿಂತು, ಬರೆದುಕೊಳ್ಳಲು ಬಂದಿಲ್ಲವೆಂದರೆ ಪಟ್ಟಿ ಯಾಕೆ ತಂದಿದ್ದಿರಿ ಎಂದು ಕೇಳಿದ. ಟ್ರೇಲರಿನ ಅಗಲಕ್ಕೆ ರಸ್ತೆ ಸಾಕೋ ಎಂದು ನೋಡಲು, ಎಂದಳು. ಈಗ ಪಟ್ಟಿ ಎಲ್ಲಿ ಎಂದ. ಬಿಟ್ಟು ಬಂದಿದ್ದೇನೆ ಎಂದಳು. ಅವನು ಅವಳ ಎರಡೂ ಕೈ ನೋಡಿದ. ಆಮೇಲೆ ಹತ್ತಿರ ಬಂದ.

ಅವಳ ಯೋಜನೆ ಸರಳವಾಗಿತ್ತು. ಕಾಲುವೆಗೆ ಇನ್ನೂ ನಾಲ್ಕು ದಿನ ನೀರಿಲ್ಲ. ಅಲ್ಲಿಯವರೆಗೆ ಪೈಪಿನಿಂದ ಯಾರಿಗೂ ಉಪಯೋಗವಿಲ್ಲ. ಮೂರೂ ಪೈಪುಗಳನ್ನು ಹೊರಗೆ ತೆಗೆಯಬೇಕು, ಹಸಿ ಮಣ್ಣನ್ನೆಲ್ಲ ಬಾಚಿ ಕಲ್ಲು, ಮುರುಮು ತುಂಬಬೇಕು, ಟ್ರ್ಯಾಕ್ಟರು ಹಾಯಿಸಿ ಬಿಗಿ ಮಾಡಬೇಕು. ಟ್ರೇಲರು ದಾಟಿದ ಮೇಲೆ ಅವರು ಏನು ಬೇಕಾದರೂ ಮಾಡಿಕೊಳ್ಳಲಿ. ಕಾನೂನಿನ ಮಾತು ಅವಳು ಎತ್ತಲಿಲ್ಲ, ಅದು ಅವಳ ಇಲಾಖೆಯೂ ಅಲ್ಲ.

ಲಾಲಪ್ಪ ಒಪ್ಪಿ, ಊರ ಮಂದಿಯನ್ನು ಕೂಡಿಸಿ, ತನ್ನ ಪೈಪಿನ ಜಾಗವನ್ನೇ ಮೊದಲು ಅಗೆಸತೊಡಗಿದ. ಅಷ್ಟರಲ್ಲಿ ಸಂಜೀವಕುಮಾರ ಅದೇ ಬಿಳಿ ಜೀಪಿನಲ್ಲಿ ಬಂದಿಳಿದರು. ರಸ್ತೆಯಲ್ಲಿ ಗುದ್ದಲಿ ಹಿಡಿದು ನಿಂತ ಹದಿನೈದು ಜನ ಎರಡು ಹೆಜ್ಜೆ ಹಿಂದೆ ಸರಿದರು. ಪೈಪು ನೋಡಿ ಅವರ ಮುಖ ಕೆಂಪಾಯಿತು. ಮುಖದ ಮೇಲೆ ಸುಳ್ಳು ಹೇಳಿದವರನ್ನು ಬಿಡುವುದಿಲ್ಲ, ಈಗಲೇ ನೀರಾವರಿಯವರನ್ನೂ ಪೊಲೀಸರನ್ನೂ ಕರೆಸುತ್ತೇನೆ ಎಂದು ಫೋನು ತೆಗೆದರು.

"ಕರಸ್ರಿ" ಎಂದಳು ಸುಮಂಗಲಾ. "ಪಂಚನಾಮೆ ಆಗೂತನಕ ಯಾರೂ ರೋಡ್ ಮುಟ್ಟಾಕ ಬರಂಗಿಲ್ಲ. ನಿಮ್ ಪ್ರೆಸ್ಸು ಹತ್ತಿಗುಡೂರ ಕ್ರಾಸಿನಾಗ ಯುಗಾದಿ ಮಾಡ್ತದ."

ಯಾರೋ ನಕ್ಕರು. ಸಂಜೀವಕುಮಾರ ನಗಲಿಲ್ಲ, ಫೋನನ್ನೂ ಒತ್ತಲಿಲ್ಲ. ಅವಳು ದನಿ ಏರಿಸದೆ ಮುಂದುವರಿಸಿದಳು: "ಸುಳ್ಳ ಹೇಳಿದ್ದು ಅವರು, ಖರೆ. ಸುಳ್ಳ ಹೇಳೂ ಹಂಗ ಬಂದು ಕೇಳಿದ್ದು ನಾನು. ತಪ್ಪು ನಂದು, ನಿಮಗ ಬರದು ಕೊಡ್ತೀನಿ. ಈಗ ನಿಮ್ ಗಿರಣಿಯಿಂದ ಎರಡು ಟ್ರ್ಯಾಕ್ಟರ್ ಮುರುಮು, ಒಂದು ಟ್ರ್ಯಾಕ್ಟರ್ ಕಲ್ಲು ಬರ್ಲಿ. ಕತ್ತಲಾದ್ರ ನಾ ಗಾಡಿ ಬಿಡಂಗಿಲ್ಲ."

ಗಿರಣಿಯ ಧಣಿಗಳು ಇಂಥ ಮಾತನ್ನು ನೌಕರರಿಂದ ಕೇಳುವುದು ಕಡಿಮೆ. ಸಂಜೀವಕುಮಾರ ಒಂದು ಕ್ಷಣ ರಸ್ತೆಯ ಹೊಂಡವನ್ನು ನೋಡಿದರು. ಅದರ ತಳದಲ್ಲಿ ನೀರು ಒಸರುತ್ತಿತ್ತು. ಆಮೇಲೆ ಗಿರಣಿಗೆ ಫೋನು ಮಾಡಿ ಟ್ರ್ಯಾಕ್ಟರು ಕಳಿಸಲು ಹೇಳಿದರು. ಇದು ಅವರಿಗೂ ಶೋಭೆ ತರುವ ಸಂಗತಿ.

ಎರಡೂವರೆಗೆ ಮೊದಲ ಹೊಂಡ ತುಂಬಿತು, ಮೂರೂವರೆಗೆ ಎರಡನೆಯದು. ಲಾಲಪ್ಪ ತಾನೇ ಇಳಿದು ಕಲ್ಲು ಜೋಡಿಸಿದ. ಸೀಳಿದವನಿಗೆ ಎಷ್ಟು ಆಳ ಸೀಳಿದ್ದೇನೆಂದು ಗೊತ್ತಿರುತ್ತದೆ. ಮುದುಕಮ್ಮ ಬದುವಿನಲ್ಲಿ ನಿಂತು, ಇದೇ ಮನಸ್ಸಿನಿಂದ ಮನೆಯ ಕಟ್ಟೆ ಕಟ್ಟಿದ್ದರೆ ಇಪ್ಪತ್ತು ವರ್ಷ ಬಾಳುತ್ತಿತ್ತು ಎಂದು ಗಂಡನನ್ನು ಛೇಡಿಸುತ್ತಿದ್ದಳು. ಮಸೂತಿಯ ಮುಂದಿನ ಹೊಂಡದ ಕೆಲಸ ಮುಗಿಯುವಾಗ ನಾಲ್ಕೂ ಕಾಲು. ಮಣ್ಣು ಅಲ್ಲಿ ಇನ್ನೂ ತೇವವಾಗಿತ್ತು. ಸುಮಂಗಲಾ ಅದರ ಮೇಲೆ ನಿಂತು ಹಿಮ್ಮಡಿಯಿಂದ ಒತ್ತಿ ನೋಡಿದಳು, ಇನ್ನೊಂದು ಸಲ ಟ್ರ್ಯಾಕ್ಟರು ಹಾಯಿಸಿದಳು, ಮತ್ತೆ ಒತ್ತಿದಳು. ಪೂರ್ತಿ ಸಮಾಧಾನವಾಗಲಿಲ್ಲ. ಸೂರ್ಯ ನಿಲ್ಲುವ ಹಾಗಿರಲಿಲ್ಲ. ಅವಳ ಫೋನಿನ ಮೇಲೆ ಹತ್ತಿಗುಡೂರಿನಿಂದ ಹೊರಟು ಊರ ಹೊರಗೆ ಬಂದು ನಿಂತಿದ್ದ ದಸ್ತಗೀರಸಾಬನಿಗೆ ಬರಲು ಹೇಳಿದಳು.

ಟ್ರೇಲರಿನಲ್ಲಿ ಯಾವಾಗಲೂ ಎರಡು ದಪ್ಪ ಕಬ್ಬಿಣದ ಹಲಗೆಗಳಿರುತ್ತವೆ. ಅವನ್ನು ಮೊದಲ ಹೊಂಡದ ಮೇಲೆ ಗಾಲಿ ಬರುವ ಸಾಲಿಗೆ ಹಾಸಿದರು. ಅವಳು ಕಾಲುವೆಯ ಕಡೆ, ವಾಲಿದರೆ 'ನಿಲ್ಲಿಸು' ಎಂದು ಕೈ ಎತ್ತಲು ಆಗುವಷ್ಟು ದೂರದಲ್ಲಿ ನಿಂತಳು. ಟ್ರೇಲರು ಹೆಜ್ಜೆಯ ವೇಗದಲ್ಲಿ ಬಂತು, ದಾಟಿತು. ಹಲಗೆ ಎತ್ತಿ ಮುಂದೆ ಒಯ್ದರು. ಮೈಲಿಗಲ್ಲಿನ ಹತ್ತಿರವೂ ದಾಟಿತು. ಮಸೂತಿಯ ಮುಂದೆ ಮುಂದಿನ ಗಾಲಿಗಳು ಹೋದವು. ಹಿಂದಿನ ಗಾಲಿಗಳು ಹಲಗೆಯ ಮೇಲೆ ಬಂದಾಗ ಎಡಗಡೆಯ ಹಲಗೆ ಕಿರುಗುಟ್ಟಿ ಎರಡು ಬೆರಳು ಕೆಳಗಿಳಿಯಿತು. ಪ್ರೆಸ್ಸಿನ ತಲೆ ಕಾಲುವೆಯ ಕಡೆ ಬಾಗಿತು. ಜನ ಹಿಂದಕ್ಕೆ ಹಾರಿದರು. ದಸ್ತಗೀರಸಾಬ ಕನ್ನಡಿಯಲ್ಲಿ ಅವಳ ಕೈಯನ್ನೇ ನೋಡುತ್ತಿದ್ದ. ನಿಲ್ಲಿಸಿದರೆ ಭಾರ ಅಲ್ಲೇ ಕೂತು ಇನ್ನೂ ಇಳಿಯುತ್ತದೆ, ಜೋರು ಮಾಡಿದರೆ ವಾಲುತ್ತದೆ. ಅವಳು ಕೈ ಎತ್ತಲಿಲ್ಲ. ಅಂಗೈಯನ್ನು ಸೊಂಟದ ಮಟ್ಟದಲ್ಲಿ ನಿಧಾನವಾಗಿ ಮುಂದಕ್ಕೆ ಸರಿಸಿದಳು, ಹಾಗೇ ಬಾ ಎಂದು. ಎಂಜಿನ್ನಿನ ಸದ್ದು ಬದಲಾಗಲಿಲ್ಲ. ಗಾಲಿಗಳು ಒಂದೊಂದಾಗಿ ಗಟ್ಟಿ ನೆಲಕ್ಕೆ ಏರಿದವು. ತಲೆ ನೆಟ್ಟಗಾಯಿತು.

ದಸ್ತಗೀರಸಾಬ ಮುಂದೆ ಹೋಗಿ ನಿಲ್ಲಿಸಿ, ಇಳಿದು, ಮುಖಕ್ಕೆ ನೀರು ಹಾಕಿಕೊಂಡು ಮತ್ತೆ ಹತ್ತಿದ. ಐದೂ ಮುಕ್ಕಾಲಿಗೆ ಪ್ರೆಸ್ಸು ಗಿರಣಿಯ ಗೇಟು ದಾಟಿತು. ಕತ್ತಲು ಬೀಳುವ ಮೊದಲು ಗಿರಣಿಯವರು ತರಿಸಿಟ್ಟಿದ್ದ ಕ್ರೇನು ಅದನ್ನು ಮೊದಲೇ ಹಾಕಿಟ್ಟ ಕಾಂಕ್ರೀಟಿನ ಮೇಲೆ ಇಳಿಸಿತು. ಬೋಲ್ಟುಗಳು ರಂಧ್ರಗಳಿಗೆ ಸರಿಯಾಗಿ ಕೂತವು. ಸಾಯಬಮ್ಮ ತನ್ನ ಮಂದಿಯೊಂದಿಗೆ ನಿಂತು ನೋಡಿದಳು. ಬೆಳಿಗ್ಗೆ ಬರುತ್ತೇನೆ ಎಂದವರು ಸಂಜೆ ಬಂದಿರಿ, ಬಿ.ಕಾಂ. ಓದಿದವರ ಗಡಿಯಾರವೇ ಬೇರೆ ಇರಬೇಕು ಎಂದಳು. ಸುಮಂಗಲಾ ನಕ್ಕಳು. ಬಿಲ್ಟಿಗೆ ಸಹಿ ಹಾಕಿಸಿಕೊಂಡು, ಅದರ ಹಿಂದೆ, ದಾರಿ ಪರಿಶೀಲನೆಯಲ್ಲಿ ತನ್ನ ತಪ್ಪಿನಿಂದ ಐದು ಗಂಟೆ ತಡ ಎಂದು ಬರೆದು ಹೆಸರು ಹಾಕಿದಳು. ಸಂಜೀವಕುಮಾರ ಅದು ಬೇಕಿಲ್ಲವೆಂದರು. ಬೇಕು ಎಂದಳು. ಮಕ್ತುಮಸಾಬರು ಮರುದಿನ ಅದನ್ನು ಓದಿ ಫೈಲಿಗೆ ಸೇರಿಸಿದರು. ಹದಿಮೂರು ವರ್ಷದಲ್ಲಿ ಅಂಥ ಕಾಗದ ಅದೊಂದೇ.

ಶನಿವಾರ ಫಿಟ್ಟರುಗಳು ಹೊರಟುಹೋದರು, ಸೋಮವಾರ ಗಿರಣಿ ಬೇಲು ಕಟ್ಟತೊಡಗಿತು. ಆ ಸೋಮವಾರವೇ ಕಾಲುವೆಗೆ ನೀರು ಬಂತು. ಅವತ್ತು ಮಧ್ಯಾಹ್ನ ಸುಮಂಗಲಾ ಅಕ್ಕಿ ಗಿರಣಿಯೊಂದರ ಬಾಯ್ಲರಿನ ಪಟ್ಟಿ ನೋಡುತ್ತಿರುವಾಗ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಮುದುಕಮ್ಮ.

"ತಂಗೀ, ನಿನ್ನಿ ಮತ್ತ ಕಡದೀವಿ. ಈ ಸಲ ಆಳಕ್ಕ ಹುಗದೀವಿ, ಸುತ್ತ ಕಲ್ಲೂ ತುಂಬೀವಿ. ಮಸೂತಿ ಮುಂದಿನಾಂವಗ ನಾನೇ ಹೇಳಿ ಸರೀಕ ಮಾಡ್ಸೀನಿ. ಭಾರದ ಗಾಡಿ ಬರೂದಿದ್ರ ಎರಡ ದಿನ ಮೊದಲ ಹೇಳು, ತಗದು ಕೊಡ್ತಾರ."

"ಆತಬೇ. ಹೇಳ್ತೀನಿ."

"ಮತ್ತ ಕೇಳಿಲ್ಲಿ, ಜೀಪಿನಾಗ ಬರಬ್ಯಾಡ."